ಜೊತೆಗೆ ಭಾವ

ಗಂಡ ತೀರಿಹೋದ ಮೇಲೆ ಮನೆಯವರು ನನ್ನನ್ನು ಒಂಟಿಯಾಗಿ ಬಿಟ್ಟೇ ಇಲ್ಲ. ಅಡುಗೆಮನೆಯಲ್ಲಿ ಅತ್ತೆ, ಜಗಲಿಯಲ್ಲಿ ಭಾವ, ರಾತ್ರಿ ಪಕ್ಕದಲ್ಲಿ ಗೊರಕೆ ಹೊಡೆಯಲು ಒಬ್ಬರು ಚಿಕ್ಕಮ್ಮ.

ಆಗ ಸಿಕ್ಕಿದ್ದು ಓರಿಯಂಟೀರಿಂಗ್. ನಕ್ಷೆ, ದಿಕ್ಸೂಚಿ ಹಿಡಿದು ಕಾಡಿನಲ್ಲಿ ಕಟ್ಟಿಟ್ಟ ಬಾವುಟಗಳನ್ನು ಹುಡುಕುವ ಆಟ. ಫೋನು ಒಯ್ಯುವಂತಿಲ್ಲ.

"ಒಬ್ಬಳೇ ಕಾಡಿಗಾ? ನೋಡಿದವರು ಏನಂದಾರು?" ಎಂದರು ಅತ್ತೆ.

"ಕಾಡಲ್ಲಿ ನೋಡೋರು ಯಾರಿರ್ತಾರೆ ಅತ್ತೆ?"

"ಅದಕ್ಕೇ ಹೇಳಿದ್ದು. ಭಾವನ ಜೊತೆ ಹೋಗೋದಾದ್ರೆ ಹೋಗು."

ಭಾನುವಾರ ಭಾವ ಇಸ್ತ್ರಿ ಮಾಡಿದ ಪ್ಯಾಂಟು ತೊಟ್ಟು ಬಂದರು. ತಮ್ಮ ನಕ್ಷೆಯನ್ನು ಮಡಚಿ ಜೇಬಿಗಿಟ್ಟರು.

"ಇದೆಲ್ಲ ಯಾಕಮ್ಮ? ಯಾರನ್ನಾದ್ರೂ ಕೇಳಿದ್ರಾಯ್ತು."

ಎದುರಾದ ಸ್ಪರ್ಧಿಯೊಬ್ಬನನ್ನು ಕೇಳಿಯೂಬಿಟ್ಟರು. ಅವನು ನಗುತ್ತ ಎತ್ತಲೋ ಕೈ ತೋರಿಸಿ ಓಡಿದ.

"ಭಾವ, ನಕ್ಷೆಯಲ್ಲಿ ಈ ಕಡೆ ಇದೆ."

"ಸುಮ್ನೆ ನನ್ನ ಹಿಂದೆ ಬಾ."

ಅವರು ತಿರುಗಿ ನೋಡದೆ ನಡೆದರು. ನಾನು ಈ ಕಡೆ ಹೋದೆ. ಒಂದು ಬಂಡೆಯ ಮೇಲೆ ಕೂತು ಬಹಳ ಹೊತ್ತು ಅತ್ತುಬಿಟ್ಟೆ. ಯಾರೂ ಸಮಾಧಾನ ಹೇಳಲಿಲ್ಲ. ಆಮೇಲೆ ಬಾವುಟಗಳನ್ನೆಲ್ಲ ಹುಡುಕಿ ಮುಗಿಸಿದೆ.

ಮಧ್ಯಾಹ್ನ ಆಯೋಜಕರು ಭಾವನನ್ನು ಜೀಪಿನಲ್ಲಿ ಹುಡುಕಿ ತಂದರು. ಪ್ಯಾಂಟಿನ ತುಂಬ ಮುಳ್ಳು.

ಮನೆಯಲ್ಲಿ ಭಾವ ಕಾಫಿ ಹೀರುತ್ತ, "ಒಂದು ನಿಮಿಷಾನೂ ಇವಳ ಕೈ ಬಿಡಲಿಲ್ಲಮ್ಮ. ನಾನಿಲ್ದಿದ್ರೆ ಇವಳ ಗತಿ?" ಎಂದರು.

ಅತ್ತೆ ನನ್ನ ಕಡೆ ತಿರುಗಿದರು. "ಕೇಳಿಸ್ಕೊಂಡ್ಯಾ? ಇನ್ನೂ ಒಬ್ಬಳೇ ಹೋಗ್ತೀನಿ ಅಂತೀಯಾ?"

"ಇಲ್ಲ ಅತ್ತೆ," ಎಂದೆ. "ಭಾವ ಬಂದ್ರೆ ಮಾತ್ರ ಹೋಗ್ತೀನಿ."