ಮೂಲ ಊರು

"ಈ ಬಣ್ಣ ಒಂದ ಸಲ ಒಗದ್ರ ಹೋಗ್ತದ, ನೋಡ್ತಿರು," ಎಂದು ಸುಭದ್ರಾ ಮಗಳಿಗೆ ಕನ್ನಡದಲ್ಲಿ ಹೇಳಿ, ಕೈಲಿದ್ದ ಸ್ವೆಟರನ್ನು ವಾಪಸ್ ಇಟ್ಟಳು.

"ಹೋಗಂಗಿಲ್ರಿ ಅಕ್ಕಾರ. ಹೋದ್ರ ತಂದು ನನ್ನ ಮಾರಿ ಮ್ಯಾಲೆ ಒಗೀರಿ," ಎಂದಳು ಸ್ವೆಟರ್ ಮಾರುವ ಟಿಬೆಟನ್ ಹೆಂಗಸು.

ಸುಭದ್ರಾ ಬಿಟ್ಟ ಬಾಯಿ ಮುಚ್ಚಲಿಲ್ಲ. ಅಹಮದಾಬಾದಿನ ನರೋಡಾದಲ್ಲಿ, ತಮ್ಮ ಹೌಸಿಂಗ್ ಸೊಸೈಟಿಯ ಗೇಟಿನ ಮುಂದೆಯೇ, ತನ್ನೂರು ಹುಬ್ಬಳ್ಳಿ ಕಡೆಯ ಅಪ್ಪಟ ಮಾತು! ಹೆಂಗಸಿನ ಹೆಸರು ಯಾಂಗ್‌ಚೆನ್. ತಾಯಿತಂದೆ ಟಿಬೆಟ್ ಬಿಟ್ಟು ಓಡಿಬಂದ ನಿರಾಶ್ರಿತರು. ಇವಳು ಹುಟ್ಟಿ ಬೆಳೆದದ್ದು ಮುಂಡಗೋಡದ ಕ್ಯಾಂಪಿನಲ್ಲಿ. ಚಳಿಗಾಲದಲ್ಲಿ ಇಲ್ಲಿ ಮೂರು ತಿಂಗಳು ಮಾರಿದ್ದರಲ್ಲೇ ಅವರ ಮನೆ ವರ್ಷವಿಡೀ ನಡೆಯಬೇಕು. ಗಂಡನ ಬ್ಯಾಂಕಿನವರು ಇಲ್ಲಿಗೆ ವರ್ಗ ಮಾಡಿದ ಮೇಲೆ ಸುಭದ್ರಾ ಮನೆಯ ಹೊರಗೆ ಕನ್ನಡ ಕೇಳಿರಲೇ ಇಲ್ಲ. ಅಂದು ಇಬ್ಬರೂ ಮಿರ್ಚಿ ಭಜಿಯಿಂದ ಹಿಡಿದು ಮುಂಡಗೋಡದ ಬಸ್ಸಿನ ತನಕ ಹರಟಿದರು. ಮಗಳು ಕಾದು ಕಾದು ಒಬ್ಬಳೇ ಮನೆಗೆ ಹೋದಳು.

ಮರುದಿನ ಬೆಳಿಗ್ಗೆ ಯಾಂಗ್‌ಚೆನ್ ಗಟಾರದಿಂದ ಎರಡು ಸ್ವೆಟರುಗಳನ್ನು ಕಡ್ಡಿಯಿಂದ ಎತ್ತುತ್ತಿದ್ದಳು. ಗೋಡೆಯ ಮೇಲೆ ಯಾರೋ 'ಚೀನಾಕ್ಕೆ ವಾಪಸ್ ಹೋಗಿ' ಎಂದು ಗೀಚಿದ್ದರು. ಮಧ್ಯಾಹ್ನ ಸೊಸೈಟಿಯ ಅಧ್ಯಕ್ಷ ಕನುಭಾಯಿ ಒಂದು ಅರ್ಜಿ ಹಿಡಿದು ಸುಭದ್ರಾಳ ಮನೆಗೆ ಬಂದ. ಮೊದಲ ಸಹಿ ಅವನದೇ.

"ಗೇಟಿನ ಮುಂದಿನ ಈ ಹೊರಗಿನವರನ್ನು ಎಬ್ಬಿಸಬೇಕು ಭಾಭೀ. ಮುನ್ಸಿಪಾಲಿಟಿಗೆ ಕೊಡೋಣ," ಎಂದ ಹಿಂದಿಯಲ್ಲಿ.

ಸುಭದ್ರಾಗೆ ಸಿಟ್ಟು ನೆತ್ತಿಗೇರಿತು. ಆದರೆ ಬಾಯಿ ಸಿಹಿ ಮಾಡಿಕೊಂಡು, "ನಿಮಗ್ಯಾಕೆ ತೊಂದರೆ? ನಾನೇ ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತೇನೆ," ಎಂದಳು. ಕನುಭಾಯಿ ಖುಷಿಯಿಂದ ಹೋದ. ಸುಭದ್ರಾ ಮಗಳ ಸ್ಕೇಲು ತೆಗೆದುಕೊಂಡು ಅರ್ಜಿಯಲ್ಲಿ ಸಹಿಗಳ ಪಕ್ಕಕ್ಕೆ ಇನ್ನೊಂದು ಉದ್ದ ಗೆರೆ ಎಳೆದು ಹೊಸ ಕಾಲಂ ಮಾಡಿ, ಅದರ ಮೇಲೆ 'ಮೂಲ ಊರು' ಎಂದು ಬರೆದಳು.

ಊರ ಹೆಸರು ಬರೆಯಿರಿ ಅಂದರೆ ಯಾರಿಗೆ ಬೇಡ? ಒಬ್ಬ ಭಾವನಗರ ಎಂದು ಬರೆದು ಅಲ್ಲಿಯ ಕಡಲೆಹಿಟ್ಟಿನ ಗಾಂಠಿಯಾದ ರುಚಿ ವರ್ಣಿಸಿದ. ಇನ್ನೊಬ್ಬಳು ಜೋಧಪುರ ಎಂದು ಬರೆದು ಚಹಾ ಕುಡಿಸಿದಳು. ಎಂಬತ್ತು ದಾಟಿದ ಲಾಜವಂತಿ ಅಜ್ಜಿ 'ಸಖ್ಖರ್, ಸಿಂಧ್' ಎಂದು ಬರೆದರು. ದೇಶ ಒಡೆದಾಗ ಅವರು ಅಮ್ಮನ ಸೆರಗು ಹಿಡಿದು ಬಂದ ಹುಡುಗಿ.

"ಆಗ ಇಲ್ಲಿಯ ಮಕ್ಕಳು ನಮ್ಮನ್ನು ನೋಡಿ 'ನಿರಾಶ್ರಿತರು ಬಂದರು' ಎಂದು ಕಲ್ಲು ಎಸೆಯುತ್ತಿದ್ದರು," ಎಂದವರು ಅರ್ಜಿಯನ್ನು ಮತ್ತೊಮ್ಮೆ ಓದಿದರು. ಊರುಗಳ ಕಾಲಮನ್ನು ಬೆರಳಿನಿಂದ ಸವರಿ, ಸುಭದ್ರಾಳ ಮುಖ ನೋಡಿದರು. ಬೊಚ್ಚುಬಾಯಿ ನಿಧಾನವಾಗಿ ಅರಳಿತು. "ಭಾನುವಾರದ ಮೀಟಿಂಗಿನಲ್ಲಿ ನನಗೆ ಮುಂದಿನ ಕುರ್ಚಿ ಹಾಕಿಸು."

ಭಾನುವಾರ ಪಾರ್ಕಿಂಗಿನಲ್ಲಿ ಎಲ್ಲರೂ ಸೇರಿದರು. ಸುಭದ್ರಾ ಆಗಷ್ಟೇ ಕೈಗಿತ್ತ ಅರ್ಜಿಯನ್ನು ಕನುಭಾಯಿ ಗಂಟಲು ಸರಿಮಾಡಿಕೊಂಡು ಗಟ್ಟಿಯಾಗಿ ಓದಿದ: "ಈ ಜಾಗದ ಮೂಲನಿವಾಸಿಗಳಾದ ನಾವು, ಹೊರಗಿನಿಂದ ಬಂದವರನ್ನು ಕೂಡಲೇ ಎಬ್ಬಿಸಬೇಕೆಂದು ಕೋರುತ್ತೇವೆ. ಸಹಿ ಮಾಡಿದವರು... ಭಾವನಗರ, ಜೋಧಪುರ, ಬೇಗುಸರಾಯ್, ಸಖ್ಖರ್, ಹುಬ್ಬಳ್ಳಿ..." ಅವನ ದನಿ ಒಂದೊಂದು ಊರಿಗೂ ಒಂದೊಂದು ಮೆಟ್ಟಿಲು ಇಳಿಯಿತು. ಹಿಂದಿನಿಂದ ಯಾರೋ ಕಿಸಕ್ಕೆಂದರು.

"ನಿನ್ನ ಹೆಸರಿನ ಮುಂದೆ ಖಾಲಿ ಇದೆಯಲ್ಲ ಕನು?" ಎಂದರು ಮುಂದಿನ ಕುರ್ಚಿಯ ಲಾಜವಂತಿ ಅಜ್ಜಿ.

ಕನುಭಾಯಿ ಪೆನ್ನು ಹುಡುಕುವವನಂತೆ ಜೇಬು ತಡವಿದ. ಅಷ್ಟರಲ್ಲಿ ಅವನ ಹೆಂಡತಿಯೇ ಹೆಮ್ಮೆಯಿಂದ ಕೂಗಿ ಹೇಳಿದಳು: "ಬರೆದುಕೊಳ್ಳಿ, ಇವರದು ಮಹೆಸಾಣಾ! ಮದುವೆಯಾದ ಮೇಲೇ ನಾವು ಇಲ್ಲಿಗೆ ಬಂದದ್ದು."

"ಹಾಗಾದರೆ ಯಾರನ್ನು ಮೊದಲು ಎಬ್ಬಿಸೋಣ?" ಎಂದರು ಅಜ್ಜಿ. ಪಾರ್ಕಿಂಗ್ ಪೂರ್ತಿ ನಕ್ಕಿತು. ಕನುಭಾಯಿ ಅರ್ಜಿ ಮಡಚಿ ಜೇಬಿಗೆ ತುರುಕಿದ. ಅದು ಮುನ್ಸಿಪಾಲಿಟಿಯ ಮುಖ ನೋಡಲಿಲ್ಲ. ಅಂದು ಸಂಜೆ ನಾಲ್ಕಾರು ಹೆಂಗಸರು ಬಕೆಟ್ಟು, ಪೊರಕೆ ಹಿಡಿದು ಬಂದು ಗೋಡೆಯ ಮೇಲಿನ ಬರಹವನ್ನು ತಿಕ್ಕಿ ತೊಳೆದರು.

ಎರಡು ದಿನದ ನಂತರ ಸುಭದ್ರಾ ಮತ್ತು ಯಾಂಗ್‌ಚೆನ್ ಅಂಗಡಿಯ ಮುಂದೆ ಕೂತು, ರೊಟ್ಟಿಗೆ ಯಾವ ಚಟ್ನಿ ಚೆಂದ ಎಂದು ಕನ್ನಡದಲ್ಲಿ ಜೋರಾಗಿ ವಾದಿಸುತ್ತಿದ್ದರು. ಹಾಲು ತರಲು ಹೊರಟ ಕನುಭಾಯಿ ಅವರನ್ನು ದಾಟಿ ನಾಲ್ಕು ಹೆಜ್ಜೆ ಹೋದವನು, ನಿಂತು ಕಿವಿಗೊಟ್ಟ. ಆಮೇಲೆ ಮೆಲ್ಲನೆ ಹಿಂದೆ ಬಂದ. ಮುಖದಲ್ಲಿ ಸಿಟ್ಟಿರಲಿಲ್ಲ, ಶುದ್ಧ ಬೆರಗಿತ್ತು.

"ಭಾಭೀ, ಇಷ್ಟು ಚೆನ್ನಾಗಿ ಚೀನಿ ಭಾಷೆ ಎಲ್ಲಿ ಕಲಿತಿರಿ?"

"ನಮ್ಮವ್ವನ ಹತ್ತಿರ," ಎಂದಳು ಸುಭದ್ರಾ.