ಮುಳ್ಳಿನ ತತ್ತಿ

ಒಣಗಿದ ಪಾಚಿಗೆ ನೀರು ಹನಿಸಿದಾಗ ಏಳುವ ವಾಸನೆಗೆ ಈಗಲೂ ದೇವದುರ್ಗದ ನಮ್ಮ ಶಾಲೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಗೋಡೆಯ ಪಾಚಿಯಲ್ಲಿದ್ದ ಎಂಟು ಕಾಲಿನ ನೀರುಕರಡಿಗಳನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದ ಸರ್, ‘ಒಂದೇ ಜಾತಿ’ ಎಂದು ಬೋರ್ಡಿನ ಮೇಲೆ ಬರೆದರು.

“ಎರಡದಾವ್ರಿ ಸರ್,” ಎಂದೆ. ಎಲ್ಲರೂ ನಕ್ಕರು.

ಊಟಕ್ಕೆ ಕರೆಯಲು ಬಂದಿದ್ದ ಅವ್ವ, ಬಿಸಿಯೂಟದ ಅಕ್ಕಿಯಲ್ಲಿ ಒಂದು ಕಲ್ಲುಹರಳನ್ನೂ ಬಿಡದ ಶಾಲೆಯ ಅಡುಗೆಯವಳು, ಸೆರಗಿಗೆ ಕೈ ಒರೆಸಿಕೊಂಡು ಬಗ್ಗಿ ನೋಡಿದಳು.

“ಇದು ತಾ ಬಿಟ್ಟ ಪೊರಿಯಾಗ ನುಣ್ಣನ ತತ್ತಿ ಇಟ್ಟದ. ಅದರ ತತ್ತಿಗೆ ಸುತ್ತ ಮುಳ್ಳದಾವ. ಒಂದ ಜಾತಿ ಹೆಂಗಾಗ್ತಾವ್ರೀ?”

ಸರ್ ಮತ್ತೆ ನೋಡಿದರು. ಬೋರ್ಡು ಒರೆಸಿ, ಸೀಮೆಸುಣ್ಣವನ್ನು ಅವ್ವನ ಕೈಗೇ ಕೊಟ್ಟರು. ಅಕ್ಷರ ಕಲಿಯದ ಅವ್ವ ರಂಗೋಲಿಯಷ್ಟೇ ಸಲೀಸಾಗಿ ಎರಡು ತತ್ತಿ ಬರೆದು, ಒಂದಕ್ಕೆ ಸುತ್ತಲೂ ಮುಳ್ಳು ಇಟ್ಟಳು.

ಹೊರಗೆ ಅನ್ನ ಆರುತ್ತಿತ್ತು. ಒಬ್ಬರೂ ಏಳಲಿಲ್ಲ.