ಮೂರನೆಯ ಡಾರ್ಟ್

ಕಾಲಿಗೆ ಉರುಳಿನ ತಂತಿ ಬಿಗಿದು ಕುಂಟುತ್ತಿದ್ದ ಹೆಣ್ಣಾನೆಗೆ ಪಶುವೈದ್ಯೆ ಶಶಿರೇಖಾ ಬಂದೂಕಿನಿಂದ ಹೊಡೆದ ಎರಡು ಅರಿವಳಿಕೆ ಡಾರ್ಟ್‌ಗಳೂ ಗುರಿ ತಪ್ಪಿದ್ದವು. ಆನೆ ಕಾಡು ಸೇರಿತ್ತು. ಗಾಯ ಕೊಳೆಯುತ್ತಿತ್ತು.

ಅರಣ್ಯ ಇಲಾಖೆಯ ಹಳೆಯ ಗುರಿಕಾರ ಅಯ್ಯಣ್ಣ ಅವಳಿಗೆ ಕಲಿಸಲು ಒಪ್ಪಿದರು.

"ಒಂದೊಂದು ಡಾರ್ಟ್ ಒಂದೊಂದು ತೂಕ ಇದ್ರೆ ಗುರಿ ಹೆಂಗೆ ನಿಲ್ತದೆ ಮೇಡಂ? ಮೊದಲು ತುಂಬೋದು ಕಲೀರಿ."

ಅವಳು ಡಾರ್ಟ್‌ಗಳಿಗೆ ನೀರು ತುಂಬಿ, ಗುಳ್ಳೆ ತೆಗೆದು, ಅಕ್ಕಸಾಲಿಗರ ಸಣ್ಣ ತಕ್ಕಡಿಯಲ್ಲಿ ತೂಗಿ, ಹುಲ್ಲಿನ ಗೋಣಿಚೀಲಕ್ಕೆ ದಿನವೂ ಹೊಡೆದಳು.

"ಅರ್ಧ ಉಸಿರು ಬಿಟ್ಟು ತಡೀರಿ. ಬಂದೂಕಿನ ಕುದುರೆ ಎಳೀಬೇಡಿ, ಮೆಲ್ಲಗೆ ಒತ್ತಿ."

ಆನೆ ಮತ್ತೆ ಕಾಫಿ ತೋಟಕ್ಕೆ ಬಂದ ಬೆಳಿಗ್ಗೆ ಅವಳು ಅರ್ಧ ಉಸಿರು ಬಿಟ್ಟು ತಡೆದು, ಮೆಲ್ಲಗೆ ಒತ್ತಿದಳು. ಡಾರ್ಟ್ ಸರಿಯಾಗಿ ತೊಡೆಗೇ ನಾಟಿತು.

"ಗುರಿ ಅಂದ್ರೆ ಇದು," ಎಂದರು ಅಯ್ಯಣ್ಣ.

ಮದ್ದು ಏರಲು ಸ್ವಲ್ಪ ಹೊತ್ತು ಬೇಕು. ತಂತಿ ಕತ್ತರಿಸುವ ಇಕ್ಕಳ ಹಿಡಿದು ಇಬ್ಬರೂ ಅರಣ್ಯ ಸಿಬ್ಬಂದಿಯೊಂದಿಗೆ ಆನೆಯ ಹಿಂದೆ ನಡೆದರು. ಅದು ಇಳಿಜಾರಿನ ಕಡೆ ತಿರುಗಿತು.

"ಆ ಕಡೆ ಏನಿದೆ?" ಎಂದಳು ಶಶಿರೇಖಾ.

"ತೋಟದ ಕೆರೆ," ಎಂದ ಅಯ್ಯಣ್ಣನವರ ದನಿ ಬದಲಾಗಿತ್ತು.

"ತಡೀರಿ ಅದನ್ನ. ನೀರಲ್ಲಿ ನಿದ್ದೆ ಬಂದ್ರೆ ಮುಳುಗುತ್ತೆ. ಪಟಾಕಿ ಹೊಡೀರಿ," ಎಂದು ಶಶಿರೇಖಾ ಕೂಗಿದಳು.

ಪಟಾಕಿ ಸಿಡಿದವು. ಆನೆ ತಿರುಗಿಯೂ ನೋಡದೆ ನೀರಿಗಿಳಿದು, ಉರಿಯುವ ಕಾಲನ್ನು ತಂಪಿಗಿಟ್ಟು ನಿಂತಿತು.

"ಎಚ್ಚರ ಬರೋ ಮದ್ದು ಇದೆಯಲ್ಲ ಮೇಡಂ, ಕೊಡಿ ಬೇಗ."

"ಅದನ್ನ ಕಿವಿಯ ನರಕ್ಕೇ ಕೊಡ್ಬೇಕು ಅಯ್ಯಣ್ಣ. ಹತ್ತಿರ ಹೋಗ್ಬೇಕು."

ಸಿರಿಂಜನ್ನು ಎತ್ತಿ ಹಿಡಿದು ಅವಳು ಎದೆಮಟ್ಟದ ನೀರಿನಲ್ಲಿ ಹತ್ತಿರವಾಗುವಷ್ಟರಲ್ಲಿ ಆನೆ ಮಂಡಿಯೂರಿ, ಸೊಂಡಿಲನ್ನು ನೀರೊಳಗೇ ಬಿಟ್ಟು, ನಿದ್ದೆಹೋಯಿತು.